ಎಚ್4ನಲ್ಲಿ ಬಂದವರು ಕಮ್ಯುನಿಟಿ ಕಾಲೇಜಿನಲ್ಲಿ ಕಂಪ್ಯೂಟರ್ ಓದಿದರೆ ಪ್ರಯೋಜನ ಇದೆಯಾ?

ನಿಮ್ಮ ಪ್ರಶ್ನೆ ಉದ್ದ ಇತ್ತು, ಮೊದಲು ಅದನ್ನೇ ಚಿಕ್ಕದು ಮಾಡಿಕೊಳ್ತೀನಿ. ಹಾಸನದಲ್ಲಿ ಮೂರು ವರ್ಷದ ಬಿಎಸ್‌ಸಿ ಆಗಿದೆ, ಕಂಪ್ಯೂಟರ್ ಓದಿಲ್ಲ. ಎರಡು ವರ್ಷದ ಮಗುವಿನ ಜೊತೆ ಎಚ್4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾದವರ ಗಂಡ-ಹೆಂಡತಿ, ಮಕ್ಕಳಿಗೆ ಕೊಡೋದು) ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬಂದು ಎಂಟು ತಿಂಗಳಾಗಿದೆ. ವಯಸ್ಸು 32. ಪಕ್ಕದ ಕಮ್ಯುನಿಟಿ ಕಾಲೇಜಿನಲ್ಲಿ ಕಂಪ್ಯೂಟರ್ ಓದಲಾ, ಸಾಲ ಮಾಡಿ ಮಾಸ್ಟರ್ಸ್‌ಗೇ ಹೋಗಲಾ, ಇಲ್ಲ ಆನ್‌ಲೈನ್ ಟ್ರೈನಿಂಗ್ ಸಾಕಾ ಅಂತ ಕೇಳಿದೀರಿ. ಕೊನೆಯಲ್ಲಿ, ಹುಡುಗರ ಮಧ್ಯೆ ಕೂರಕ್ಕೆ ಮುಜುಗರ ಆಗಲ್ವಾ ಅಂತಾನೂ ಸೇರಿಸಿದೀರಿ.

ನಾನು ತೀರ್ಥಹಳ್ಳಿ ಕಡೆಯವಳು, ಓದಿದ್ದು ಬಿಕಾಂ. 2013ರಲ್ಲಿ ನಿಮ್ಮ ಹಾಗೇ ಎಚ್4ನಲ್ಲಿ ಬಂದೆ. ಬೇ ಏರಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಎರಡೂವರೆ ವರ್ಷ ಸಂಜೆ ಕ್ಲಾಸಿಗೆ ಹೋಗಿ, 2018ರಿಂದ ಸರ್ಕಾರಿ ಶಾಲೆಗಳನ್ನ ನಡೆಸೋ ಒಂದು ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ ಐಟಿ ಕೆಲಸ ಮಾಡ್ತಿದೀನಿ. ಹಾಗಾಗಿ ನನ್ನ ಉತ್ತರ ಸ್ವಲ್ಪ ಆ ಕಡೆಗೇ ವಾಲಿರುತ್ತೆ, ಅದನ್ನ ಕಳೆದು ಓದಿಕೊಳ್ಳಿ.

ಕಾಲೇಜಿಗೆ ಸೇರಿದೆ ಅಂತ ಊರಿಗೆ ಫೋನ್ ಮಾಡಿ ಹೇಳಿದಾಗ ನಮ್ಮ ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಕಮ್ಯುನಿಟಿ ಅಂದ್ರೆ ಯಾವ ಕಮ್ಯುನಿಟೀದು? ನಮ್ಮೋರದಾ?" ನಗಬೇಡಿ, ನಮ್ಮ ಕಡೆ ಆ ಪದಕ್ಕೆ ಇರೋ ಅರ್ಥ ಅದೇ ತಾನೆ. ಇಲ್ಲಿ ಕಮ್ಯುನಿಟಿ ಅಂದರೆ ಸುತ್ತಮುತ್ತಲಿನ ಊರಿನ ಜನ. ಆ ಜನಕ್ಕಾಗಿ ಸರ್ಕಾರದ ದುಡ್ಡಲ್ಲಿ ನಡೆಯೋ ಕಾಲೇಜು. ಪ್ರವೇಶ ಪರೀಕ್ಷೆ ಇಲ್ಲ, ಮಾರ್ಕ್ಸ್ ಕಾರ್ಡ್ ನೋಡಿ ಆರಿಸಲ್ಲ, 18 ತುಂಬಿದ್ದರೆ ಬಾಗಿಲು ತೆಗೆದೇ ಇರುತ್ತೆ. ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಶುರುವಾದ ಈ ಪದ್ಧತಿ ಕ್ಯಾಲಿಫೋರ್ನಿಯಾ ಒಂದರಲ್ಲೇ ಈಗ 116 ಕಾಲೇಜಾಗಿ ಬೆಳೆದಿದೆ. ನಿಮಗೆ ಹತ್ತಿರ ಇರೋ ಡಿ ಆನ್ಜಾ ಅದರಲ್ಲಿ ಒಂದು. ಆ ಕಾಲೇಜಿನ ಫ್ಲಿಂಟ್ ಸೆಂಟರ್ ಸಭಾಂಗಣದಲ್ಲೇ 1984ರ ಜನವರಿ 24ರಂದು ಸ್ಟೀವ್ ಜಾಬ್ಸ್ ಆಪಲ್‌ನ ಮೊದಲ ಮ್ಯಾಕಿಂಟಾಶ್ ಕಂಪ್ಯೂಟರ್ ಹೊರತೆಗೆದು ತೋರಿಸಿದ್ದು. ಅವರ ಜೊತೆಗಾರ ಸ್ಟೀವ್ ವಾಜ್ನಿಯಾಕ್ ಬರ್ಕ್ಲಿ ಯೂನಿವರ್ಸಿಟಿಗೆ ಹೋಗೋ ಮುಂಚೆ ಸ್ವಲ್ಪ ಕಾಲ ಓದಿದ್ದೂ ಅಲ್ಲೇ. ಯುಗಾದಿ ಊಟದ ಪಂಕ್ತಿಯಲ್ಲಿ ಯಾರಾದರೂ "ಓ... ಕಮ್ಯುನಿಟಿ ಕಾಲೇಜಾ" ಅಂತ ರಾಗ ಎಳೆದರೆ ಇದನ್ನ ಹೇಳಿ, ಹೋಳಿಗೆ ಹಾಕಿಸಿಕೊಳ್ಳಿ.

ಈಗ ವಿಷಯಕ್ಕೆ ಬರೋಣ. ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಪೈಥಾನಾ ಜಾವಾನಾ, ಸರ್ಟಿಫಿಕೇಟಾ ಡಿಗ್ರೀನಾ ಅಂತ ಕೇಳಿದೀರಿ. ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ನಿಮಗೆ ಕೆಲಸ ಮಾಡೋ ಅನುಮತಿ ಯಾವಾಗ ಸಿಗುತ್ತೆ? ಎಚ್4ನಲ್ಲಿ ಎಷ್ಟು ಬೇಕಾದರೂ ಓದಬಹುದು, ಅದಕ್ಕೆ ಎಫ್-1 ವಿದ್ಯಾರ್ಥಿ ವೀಸಾ ಬೇಕಿಲ್ಲ. ಆದರೆ ಇಎಡಿ ಅನ್ನೋ ಕೆಲಸದ ಅನುಮತಿ ಕಾರ್ಡ್ ಇಲ್ಲದೆ ಒಂದು ಡಾಲರ್ ಕೂಡ ದುಡಿಯೋ ಹಾಗಿಲ್ಲ. ಕಾಲೇಜಿನ ಲ್ಯಾಬ್‌ನಲ್ಲಿ ಕೂತು ಮಾಡೋ ವಿದ್ಯಾರ್ಥಿ ಕೆಲಸವೂ ಅದರಲ್ಲೇ ಬಂತು. "ಸಂಬಳ ಇಲ್ಲ, ಬರೀ ಇಂಟರ್ನ್‌ಶಿಪ್" ಅಂತ ಹೇಳಿ ಕೆಲಸ ತೆಗೆಸಿಕೊಳ್ಳೋರೂ ಇದಾರೆ, ವಕೀಲರನ್ನ ಕೇಳದೆ ಅಂಥದ್ದಕ್ಕೆ ಒಪ್ಪಬೇಡಿ. ಇಎಡಿಗೆ ದಾರಿ ತೆರೆದಿದ್ದು 2015ರ ಮೇ 26ರಿಂದ ಜಾರಿಗೆ ಬಂದ ನಿಯಮ. ಸಾಮಾನ್ಯವಾಗಿ ಯಜಮಾನರ ಐ-140, ಅಂದರೆ ಅವರ ಗ್ರೀನ್ ಕಾರ್ಡ್‌ಗೆ ಕಂಪನಿ ಹಾಕೋ ಅರ್ಜಿ, ಮಂಜೂರಾಗಿರಬೇಕು. ಅದು ಆಗಿದೆಯಾ, ಕಂಪನಿಯವರು ಶುರುನಾದರೂ ಮಾಡಿದಾರಾ, ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ. ನಿಮ್ಮ ಪ್ರಶ್ನೆಯಲ್ಲಿ ಈ ಮಾತೇ ಇಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳ್ತಿದೀನಿ. ಇನ್ನು ಎರಡು ವರ್ಷ ಅನುಮತಿ ಸಿಗಲ್ಲ ಅಂತಾದರೆ ಆರು ತಿಂಗಳ ಓಟದ ಕೋರ್ಸ್ ಮಾಡಿ ಏನು ಪ್ರಯೋಜನ? ಕಲಿತಿದ್ದು ಆರಿ ಹೋಗುತ್ತೆ. ನಿಧಾನಕ್ಕೆ, ಒಂದೊಂದು ಟರ್ಮ್‌ಗೆ ಒಂದೊಂದೇ ಕ್ಲಾಸ್ ತಗೊಂಡು ಬುನಾದಿ ಹಾಕಿಕೊಳ್ಳೋದು ಅಂಥವರಿಗೆ ಸರಿ.

ಎರಡನೇದು ದುಡ್ಡು. ಕ್ಯಾಲಿಫೋರ್ನಿಯಾದ ನಿವಾಸಿ ಅನಿಸಿಕೊಂಡವರಿಗೆ ಫೀ ಯೂನಿಟ್‌ಗೆ (ಒಂದು ಕ್ಲಾಸಿನ ಓದು ಎಷ್ಟು ಅಂತ ಅಳೆಯೋ ಲೆಕ್ಕ) 46 ಡಾಲರ್, 2012ರಿಂದ ಅಷ್ಟೇ ಇದೆ. ಡಿ ಆನ್ಜಾ ಥರ ಸೆಮಿಸ್ಟರ್ ಬದಲು ಅದಕ್ಕಿಂತ ಚಿಕ್ಕ ಕ್ವಾರ್ಟರ್ ಲೆಕ್ಕದ ಕಾಲೇಜುಗಳಲ್ಲಿ ಯೂನಿಟ್‌ಗೆ 31. ಅಂದರೆ ಅಲ್ಲಿ ನಾಲ್ಕೂವರೆ ಯೂನಿಟ್‌ನ ಒಂದು ಪ್ರೋಗ್ರಾಮಿಂಗ್ ಕ್ಲಾಸಿಗೆ ಸುಮಾರು 140 ಡಾಲರ್, ಮೇಲೆ ಚಿಲ್ಲರೆ ಫೀಗಳು. ಸನ್ನಿವೇಲ್‌ನಲ್ಲಿ ತಿಂಗಳ ದಿನಸಿಗೆ ನೀವು ಇದಕ್ಕಿಂತ ಜಾಸ್ತಿ ಕೊಡ್ತಿರ್ತೀರಿ. ನಿವಾಸಿ ಅಲ್ಲದಿದ್ದರೆ ಇದೇ ಕ್ಲಾಸಿಗೆ ಹಲವು ಪಟ್ಟು ಕೊಡಬೇಕು. ನಿವಾಸಿ ಅನ್ನೋದಕ್ಕೆ ಟರ್ಮ್ ಶುರುವಾಗೋ ಹೊತ್ತಿಗೆ ಇಲ್ಲಿ ಒಂದು ವರ್ಷದ ಮೇಲೆ ಒಂದು ದಿನ ಕಳೆದಿರಬೇಕು, ಇಲ್ಲೇ ನೆಲೆ ನಿಂತಿದೀವಿ ಅನ್ನೋದಕ್ಕೆ ಕಾಗದ ಇರಬೇಕು. ಎಚ್4ನವರಿಗೆ ಈ ಅವಕಾಶ ಇದೆ. ಎಫ್-1ನಲ್ಲಿ ಬಂದ ವಿದ್ಯಾರ್ಥಿಗಳಿಗೆ ಇಲ್ಲ.

ಇಲ್ಲೇ ನಾನು ಎಡವಿದ್ದು. ಬಂದು ಎರಡು ವರ್ಷದ ಮೇಲಾಗಿತ್ತು, ಅಪಾರ್ಟ್‌ಮೆಂಟ್ ಲೀಸ್ ಇವರ ಹೆಸರಲ್ಲಿ, ಕರೆಂಟ್ ಬಿಲ್ ಇವರ ಹೆಸರಲ್ಲಿ, ಫೋನ್ ಇವರ ಹೆಸರಲ್ಲಿ. ನನಗೆ ಡ್ರೈವಿಂಗ್ ಲೈಸೆನ್ಸ್ ಇರಲಿಲ್ಲ, ಭಯಕ್ಕೆ ಕಲಿತೇ ಇರಲಿಲ್ಲ. ಜಂಟಿ ಟ್ಯಾಕ್ಸ್ ರಿಟರ್ನ್ ಒಂದನ್ನ ಬಿಟ್ಟರೆ ಈ ರಾಜ್ಯದಲ್ಲಿ ನಾನು ಇದ್ದೆ ಅನ್ನೋದಕ್ಕೆ ಸಾಕ್ಷಿಯೇ ಇಲ್ಲ! ಕಡೇ ದಿನ ಕೌಂಟರ್ ಮುಂದೆ ಹೋಗಿ ನಿಂತರೆ, ಇನ್ನೊಂದು ದಾಖಲೆ ಬೇಕು ಅಂದರು. ತಪ್ಪು ಅವರದಲ್ಲ, ನನ್ನದೇ. ಮೊದಲ ಸೆಮಿಸ್ಟರ್‌ಗೆ ಐದಾರು ಪಟ್ಟು ಫೀ ಕಟ್ಟಿದೆ. ನಿಮಗೆ ಇನ್ನೂ ನಾಲ್ಕು ತಿಂಗಳು ಇದೆ. ಈ ವಾರವೇ ಲೀಸ್‌ಗೆ ನಿಮ್ಮ ಹೆಸರು ಸೇರಿಸಿ, ಬ್ಯಾಂಕ್ ಖಾತೆ ತೆಗೀರಿ, ಡಿಎಂವಿಗೆ (ಇಲ್ಲಿನ ಆರ್‌ಟಿಒ) ಹೋಗಿ ಲೈಸೆನ್ಸ್‌ಗೆ ಅರ್ಜಿ ಹಾಕಿ. ವರ್ಷ ತುಂಬೋ ತನಕ ಸುಮ್ಮನೆ ಕೂರಬೇಡಿ, ಪ್ಯಾಕೆಟ್ ಟ್ರೇಸರ್ ಥರದ ತಂತ್ರಾಂಶ ಉಚಿತವಾಗಿ ಸಿಗುತ್ತೆ, ಇಳಿಸಿಕೊಂಡು ಆಡ್ತಾ ಇರಿ. ಅದೇನು ಅಂತ ಮುಂದೆ ಹೇಳ್ತೀನಿ.

ಟ್ರೈನಿಂಗ್ ಬಗ್ಗೆ ಒಂದು ಮಾತು. ಇಎಡಿ ಬಂದ ಹೊಸದರಲ್ಲಿ ನಾನೂ ಒಂದು ಕಡೆ ಸಾವಿರದಿನ್ನೂರು ಡಾಲರ್ ಕೊಟ್ಟು ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿಯಕ್ಕೆ ಸೇರಿದ್ದೆ. ನಡೆಸ್ತಿದ್ದೋರು ನಮ್ಮ ದೇಶದವರೇ, ಹೆಸರು ಬೇಡ. ಆರು ವಾರ ಸ್ಲೈಡ್ ಓದಿದರು. ಏಳನೇ ವಾರ ನನ್ನ ರೆಸ್ಯೂಮೆ ಕಳಿಸಿದರು, ಅದರಲ್ಲಿ ನಾನು ಬೆಂಗಳೂರಿನ ಯಾವುದೋ ಕಂಪನಿಯಲ್ಲಿ ಐದು ವರ್ಷ ಟೆಸ್ಟರ್ ಆಗಿದ್ದೆ! ಆ ಐದು ವರ್ಷದಲ್ಲಿ ನಾನು ನಿಜವಾಗಿ ಶಿವಮೊಗ್ಗದಲ್ಲಿ ಬಿಕಾಂ ಓದಿ, ಆಮೇಲೆ ಮಾವನ ಅಡಿಕೆ ಮಂಡಿ ಲೆಕ್ಕ ಬರೀತಿದ್ದೆ. ಇಂಟರ್‌ವ್ಯೂಗೆ ಬೇರೆಯವರು ದನಿ ಕೊಡ್ತಾರೆ, ಚಿಂತೆ ಬೇಡ ಅಂದರು. ಇವರು ಅವತ್ತು ರಾತ್ರಿ ಒಂದೇ ಮಾತು ಹೇಳಿದರು, "ಗ್ರೀನ್ ಕಾರ್ಡ್ ಫೈಲ್‌ನಲ್ಲಿ ನಮ್ಮಿಬ್ಬರ ಹೆಸರೂ ಇದೆ." ದುಡ್ಡು ಹೋದರೆ ಹೋಗಲಿ ಅಂತ ಬಿಟ್ಟೆ. ಅಂಥ ಕರೆ ನಿಮಗೂ ಬಂದೇ ಬರುತ್ತೆ, ವಾಟ್ಸಾಪ್ ಗುಂಪಿನಲ್ಲಿ ಯಾರೋ ಅಕ್ಕ ಅಂತ ಕರೆದು ಶುರು ಮಾಡ್ತಾರೆ.

ಸರಿ, ಕಾಲೇಜಿನಲ್ಲಿ ಏನು ಓದೋದು? ಹೊರಗಿಂದ ಎಲ್ಲ "ಕಂಪ್ಯೂಟರ್" ಅಂತ ಒಂದೇ ಥರ ಕಾಣುತ್ತೆ. ಒಳಗೆ ಮೂರು ಬೇರೆ ಬೇರೆ ದಾರಿ ಇವೆ, ತಪ್ಪಿದರೆ ವರ್ಷ ಹೋಗುತ್ತೆ.

ಒಂದು, ಎರಡು ವರ್ಷ ಇಲ್ಲಿ ಓದಿ ಯೂನಿವರ್ಸಿಟಿಗೆ ಮೂರನೇ ವರ್ಷಕ್ಕೆ ಹಾರೋದು, ಟ್ರಾನ್ಸ್‌ಫರ್ ಅಂತಾರೆ. ಪಿಯುಸಿ ಮುಗಿಸಿ ಬಂದ ಹುಡುಗರಿಗೆ ಇದು ಬಂಗಾರದಂಥ ದಾರಿ. ಯಾವ ಕಾಲೇಜಿನ ಯಾವ ಕ್ಲಾಸ್ ಯಾವ ಯೂನಿವರ್ಸಿಟಿಯಲ್ಲಿ ಯಾವುದಕ್ಕೆ ಸಮ ಅನ್ನೋದೆಲ್ಲ ಅಸಿಸ್ಟ್ ಅನ್ನೋ ಸರ್ಕಾರಿ ಜಾಲತಾಣದಲ್ಲಿ ಪಟ್ಟಿ ಆಗಿದೆ. ಆದರೆ ನಿಮಗೆ ಆಗಲೇ ಒಂದು ಡಿಗ್ರಿ ಇದೆ. ಇಲ್ಲಿನ ಸರ್ಕಾರಿ ಯೂನಿವರ್ಸಿಟಿಗಳು ಎರಡನೇ ಬ್ಯಾಚುಲರ್ಸ್‌ಗೆ ಸೇರಿಸಿಕೊಳ್ಳೋದು ಬಹಳ ಕಡಿಮೆ. ಈ ದಾರಿ ನಿಮ್ಮದಲ್ಲ.

ಎರಡು, ಮಾಸ್ಟರ್ಸ್‌ಗೆ ಬೇಕಾದ ಬುನಾದಿ ಇಲ್ಲಿ ಹಾಕಿಕೊಳ್ಳೋದು. ಕಂಪ್ಯೂಟರ್ ಓದದೇ ಇದ್ದವರನ್ನ ಮಾಸ್ಟರ್ಸ್‌ಗೆ ತಗೊಳ್ಳುವಾಗ ಡೇಟಾ ಸ್ಟ್ರಕ್ಚರ್ಸ್, ಡಿಸ್ಕ್ರೀಟ್ ಮ್ಯಾಥ್ಸ್, ಕಂಪ್ಯೂಟರ್ ಆರ್ಕಿಟೆಕ್ಚರ್ ಮುಗಿಸಿಕೊಂಡು ಬನ್ನಿ ಅಂತಾರೆ. ಅದನ್ನ ಯೂನಿವರ್ಸಿಟಿಯಲ್ಲಿ ಸಾವಿರಗಟ್ಟಲೆ ಕೊಟ್ಟು ಓದೋದರ ಬದಲು ಇಲ್ಲಿ ನೂರರ ಲೆಕ್ಕದಲ್ಲಿ ಓದಬಹುದು. ಬಿಎಸ್‌ಸಿಯಲ್ಲಿ ಗಣಿತ ಇಷ್ಟಪಟ್ಟು ಓದಿದ್ದರೆ ನಿಮಗೆ ಇದು ಸರಿಹೋಗಬಹುದು. ಒಂದು ತೊಡಕು: ನಮ್ಮ ಮೂರು ವರ್ಷದ ಡಿಗ್ರಿಯನ್ನ ಕೆಲವು ಯೂನಿವರ್ಸಿಟಿ ಒಪ್ಪುತ್ತೆ, ಕೆಲವು ನಾಲ್ಕು ವರ್ಷದ್ದೇ ಬೇಕು ಅನ್ನುತ್ತೆ. ಮಾರ್ಕ್ಸ್ ಕಾರ್ಡ್‌ಗಳನ್ನ ಮೌಲ್ಯಮಾಪನಕ್ಕೆ ಕಳಿಸಿ, ನಿಮಗೆ ಬೇಕಾದ ಯೂನಿವರ್ಸಿಟಿಯವರನ್ನ ನೇರವಾಗಿ ಇಮೇಲ್‌ನಲ್ಲಿ ಕೇಳಿ, ಆಮೇಲೆ ಸಾಲದ ಮಾತು. ಹಾಸನದ ಕಾಲೇಜಿನಿಂದ ಮೊಹರು ಹಾಕಿದ ಟ್ರಾನ್ಸ್‌ಕ್ರಿಪ್ಟ್ ತರಿಸೋದಕ್ಕೇ ತಿಂಗಳುಗಟ್ಟಲೆ ಬೇಕಾಗಬಹುದು, ತಮ್ಮನೋ ಭಾವನೋ ಊರಲ್ಲಿದ್ದರೆ ಈಗಲೇ ಓಡಾಡಕ್ಕೆ ಹೇಳಿ.

ಮೂರನೇದು ನಾನು ಹಿಡಿದಿದ್ದು. ಸೀದಾ ಕೆಲಸಕ್ಕೆ ಅಂತ ಇರೋ ಸರ್ಟಿಫಿಕೇಟ್. ಹಾರ್ಡ್‌ವೇರ್, ನೆಟ್‌ವರ್ಕಿಂಗ್, ಲಿನಕ್ಸ್, ಸೆಕ್ಯುರಿಟಿ. ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ನಾನು ಮುಗಿಸಲೇ ಇಲ್ಲ. ಅದಕ್ಕೆ ಇತಿಹಾಸ, ಕಲೆ, ಪ್ರಬಂಧ ಬರವಣಿಗೆ ಎಲ್ಲ ಸೇರಿಸಬೇಕು, ಕೈಯಲ್ಲಿ ಬಿಕಾಂ ಇದ್ದ ನನಗೆ ಅದು ಬೇಕಿರಲಿಲ್ಲ. ನಿಮಗೂ ಬೇಕಿಲ್ಲ ಅಂತಲೇ ನನ್ನ ಅಭಿಪ್ರಾಯ. "ಅದು ನಮ್ಮೂರ ಡಿಪ್ಲೊಮಾ ಇದ್ದ ಹಾಗೆ" ಅಂತ ಯಾರೋ ನಿಮಗೆ ಹೇಳಿದಾರಲ್ಲ, ಅರ್ಧ ನಿಜ. ಆದರೆ ಊರಲ್ಲಿ ಡಿಪ್ಲೊಮಾ ಮಾಡಿದವನನ್ನ ಕರೆದು ಟಿವಿ ರಿಪೇರಿ ಮಾಡಿಸ್ತೀವಿ, ಮಗಳನ್ನ ಕೊಡುವಾಗ ಮಾತ್ರ ಬಿಇ ಹುಡುಕ್ತೀವಿ. ಆ ತಕ್ಕಡಿ ಇಲ್ಲಿಗೂ ತಂದರೆ ಕಷ್ಟ.

ಆ ಕ್ಲಾಸುಗಳಲ್ಲಿ ಏನಾಗುತ್ತೆ ಅಂತ ಒಂದು ಉದಾಹರಣೆ ಹೇಳ್ತೀನಿ. ನೆಟ್‌ವರ್ಕಿಂಗ್ ಮೊದಲ ತಿಂಗಳು. ಮೇಷ್ಟ್ರು ಒಬ್ಬೊಬ್ಬರಿಗೂ ಒಂದೊಂದು ಮೀಟರ್ ನೀಲಿ ಕೇಬಲ್, ನಾಲ್ಕು ಪ್ಲಾಸ್ಟಿಕ್ ಪ್ಲಗ್, ಒಂದು ಕ್ರಿಂಪಿಂಗ್ ಟೂಲ್ ಕೊಟ್ಟರು. ಕೇಬಲ್ ಸಿಪ್ಪೆ ಸುಲಿದರೆ ಒಳಗೆ ಎರಡೆರಡು ಹೆಣೆದುಕೊಂಡ ಎಂಟು ಎಳೆ. ಬಿಡಿಸಿ, ನೀವಿ ನೇರ ಮಾಡಿ, ಬಣ್ಣದ ಕ್ರಮದಲ್ಲಿ ಜೋಡಿಸಿ ಪ್ಲಗ್ ಒಳಗೆ ತೂರಿಸಿ ಒತ್ತಬೇಕು. ಬಾಳೆನಾರಲ್ಲಿ ಮಲ್ಲಿಗೆ ಕಟ್ಟಿದ ಕೈ ನನ್ನದು, ಇದೇನು ಮಹಾ ಅಂದುಕೊಂಡೆ. ಒಂದು ತುದಿ ಬೋರ್ಡ್ ನೋಡಿಕೊಂಡು ಸರಿಯಾಗಿ ಮಾಡಿದೆ. ಇನ್ನೊಂದು ತುದಿಗೆ ಬೋರ್ಡ್ ನೋಡದೆ ಅಭ್ಯಾಸಬಲದಲ್ಲಿ ಜೋಡಿ ಜೋಡಿಯಾಗಿ ಕೂರಿಸಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು, ಬಿಳಿ-ನೀಲಿ, ನೀಲಿ, ಬಿಳಿ-ಕಂದು, ಕಂದು. ರಂಗೋಲಿ ಥರ ಚಂದ ಕಾಣ್ತಿತ್ತು. ಟೆಸ್ಟರ್‌ಗೆ ಹಾಕಿದರೆ ದೀಪ ಒಂದು, ಎರಡು, ಮೂರು ಹತ್ತಿತು, ಆಮೇಲೆ ಆರಕ್ಕೆ ಹಾರಿ, ಐದಕ್ಕೆ ಬಂದು, ನಾಲ್ಕಕ್ಕೆ ಇಳಿದು, ಏಳು, ಎಂಟು. ಮೇಷ್ಟ್ರು ಬಂದು ನೋಡಿ ನಕ್ಕರು. ಹಸಿರು ಜೋಡಿ ಮೂರು ಮತ್ತು ಆರನೇ ಜಾಗದಲ್ಲಿ ಕೂರಬೇಕು, ನಡುವೆ ನಾಲ್ಕು-ಐದರಲ್ಲಿ ನೀಲಿ ಜೋಡಿ. ಯಾಕೆ ಅಂದರೆ ಹಳೇ ಟೆಲಿಫೋನ್ ಲೈನ್ ನಟ್ಟನಡುವಿನ ಜೋಡಿ ಬಳಸ್ತಿತ್ತು, ಅದಕ್ಕೆ ಜಾಗ ಬಿಟ್ಟು ಉಳಿದವರು ಅತ್ತಿತ್ತ ಸರಿದು ಕೂತರು. ಹೊಸ ಸೊಸೆ ಬಂದರೂ ಅತ್ತೆ ಕೂರೋ ಕುರ್ಚಿ ಅಲ್ಲೇ ಇರುತ್ತಲ್ಲ, ಹಾಗೆ. ಎರಡು ಪ್ಲಗ್ ಹಾಳಾಯಿತು, ಆದರೆ ಆ ಕ್ರಮ ಇವತ್ತಿಗೂ ನಿದ್ದೆಯಲ್ಲಿ ಕೇಳಿದರೂ ಹೇಳ್ತೀನಿ.

ಪ್ಯಾಕೆಟ್ ಟ್ರೇಸರ್ ಅಂದೆನಲ್ಲ, ಅದು ಸಿಸ್ಕೊ ಕಂಪನಿಯ ನೆಟ್‌ವರ್ಕಿಂಗ್ ಅಕಾಡೆಮಿಯವರು ಮಾಡಿರೋ ತಂತ್ರಾಂಶ. ನಿಜವಾದ ರೌಟರ್, ಸ್ವಿಚ್ ಇಲ್ಲದೆ ಲ್ಯಾಪ್‌ಟಾಪ್ ಪರದೆ ಮೇಲೇ ಇಡೀ ಆಫೀಸಿನ ನೆಟ್‌ವರ್ಕ್ ಕಟ್ಟಿ, ಕೆಡಿಸಿ, ಮತ್ತೆ ಕಟ್ಟಬಹುದು. 1997ರಲ್ಲಿ ಶುರುವಾದ ಆ ಅಕಾಡೆಮಿಯ ಪಾಠವನ್ನೇ ಎಷ್ಟೋ ಕಮ್ಯುನಿಟಿ ಕಾಲೇಜುಗಳು ತಮ್ಮ ಕ್ಲಾಸಿನಲ್ಲಿ ನಡೆಸೋದು. ಮುಗಿಸಿದ ಮೇಲೆ ಸಿಸ್ಕೊದ ಸಿಸಿಎನ್‌ಎ ಪರೀಕ್ಷೆ ಬೇರೆ ಕಟ್ಟಬೇಕು. ಹಾಗೇ ಹಾರ್ಡ್‌ವೇರ್ ಕ್ಲಾಸ್ ಆದಮೇಲೆ ಕಾಂಪ್‌ಟಿಯಾ ಅನ್ನೋ ಸಂಸ್ಥೆಯ ಎ ಪ್ಲಸ್ ಪರೀಕ್ಷೆ, ಅದರಲ್ಲಿ ಎರಡು ಪೇಪರ್. ಸೆಕ್ಯುರಿಟಿ ಕ್ಲಾಸ್ ಆದಮೇಲೆ ಸೆಕ್ಯುರಿಟಿ ಪ್ಲಸ್. ಕಾಲೇಜಿನ ಸರ್ಟಿಫಿಕೇಟೇ ಬೇರೆ, ಈ ಪರೀಕ್ಷೆಗಳೇ ಬೇರೆ. ನಾನು ಅರ್ಜಿ ಹಾಕಿದ ಕಡೆಯೆಲ್ಲ ಎರಡನ್ನೂ ಕೇಳಿದರು. ಇನ್ನೊಂದು ಎಚ್ಚರಿಕೆ. ಸೈಬರ್ ಸೆಕ್ಯುರಿಟಿ ಅಂತ ಜಾಹೀರಾತಿನಲ್ಲಿ ತೋರಿಸೋ ಕೆಲಸಗಳಲ್ಲಿ ಬಹಳಷ್ಟು ರಕ್ಷಣಾ ಇಲಾಖೆಗೆ ಸೇರಿದವು, ಅವಕ್ಕೆ ಅಮೆರಿಕದ ಪೌರತ್ವ ಬೇಕು. ಕೋರ್ಸ್‌ನ ಪುಟದಲ್ಲಿ ಇದನ್ನ ದಪ್ಪಕ್ಷರದಲ್ಲಿ ಹಾಕಿರಲ್ಲ.

ನನ್ನ ಕೆಲಸ ಹೇಗಿತ್ತು ಅಂತಲೂ ಹೇಳಿಬಿಡ್ತೀನಿ, ಆಮೇಲೆ ಬೇಜಾರಾಗಬೇಡಿ. ಮೊದಲ ವರ್ಷ ಪೂರ್ತಿ ಶಾಲೆ ಮಕ್ಕಳ ಕ್ರೋಮ್‌ಬುಕ್ ರಿಪೇರಿ. ಐದನೇ ಕ್ಲಾಸಿನವರು ಕೀಬೋರ್ಡ್‌ನ ಕೀಲಿಗಳನ್ನ ಕಿತ್ತು ಬೇರೆ ಬೇರೆ ಜಾಗಕ್ಕೆ ಕೂರಿಸಿರ್ತಾರೆ, ಹೆಡ್‌ಫೋನ್ ತೂತಿನಲ್ಲಿ ಪೆನ್ಸಿಲ್ ಮೊನೆ ಮುರಿದು ಬಿಟ್ಟಿರ್ತಾರೆ. ಸೂಜಿಯಲ್ಲಿ ಅದನ್ನ ಹೊರತೆಗೆಯೋದರಲ್ಲಿ ನಮ್ಮ ಆಫೀಸಿಗೇ ನಾನು ಮೊದಲು. ಸಂಬಳ ಸಾಫ್ಟ್‌ವೇರ್‌ನವರ ಹತ್ತಿರಕ್ಕೂ ಬರಲ್ಲ. ಆದರೆ ಮೂರೂವರೆಗೆ ಮನೆ, ಆರೋಗ್ಯ ವಿಮೆ, ಪಿಂಚಣಿ, ಮಗನ ಶಾಲೆಗೆ ರಜೆ ಇದ್ದಾಗ ನನಗೂ ಸುಮಾರು ರಜೆ. 2022ರ ಕೊನೆಯಿಂದ ಇಲ್ಲಿನ ದೊಡ್ಡ ಕಂಪನಿಗಳು ಜನರನ್ನ ತೆಗೆಯಕ್ಕೆ ಶುರು ಮಾಡಿದಾಗ ನಮ್ಮ ಮನೆಯಲ್ಲಿ ರಾತ್ರಿ ನಿದ್ದೆ ಬಂದಿದ್ದು ಈ ಸಂಬಳದಿಂದ. ಈಗ ಸ್ವಿಚ್, ವೈಫೈ ಕಡೆ ನೋಡಿಕೊಳ್ತೀನಿ. ನಮ್ಮವರು ಐಟಿ ಅಂದರೆ ಕೋಡ್ ಬರೆಯೋದು ಅಂತ ಮಾತ್ರ ತಿಳಿದಿರ್ತಾರೆ. ಶಾಲೆ, ಆಸ್ಪತ್ರೆ, ನಗರಸಭೆ ಎಲ್ಲ ಕಡೆ ಕೇಬಲ್ ಎಳೆದು, ಪಾಸ್‌ವರ್ಡ್ ಮರೆತವರಿಗೆ ಬಾಗಿಲು ತೆಗೆಯೋ ಜನ ಬೇಕು, ಆ ಕಡೆ ಯಾರೂ ನೋಡಲ್ಲ.

ಕೋಡ್ ಬರೆಯೋ ಆಸೆಯೇ ಇದ್ದರೆ ತಡೆಯಲ್ಲ. ಆದರೆ ಒಂದು ಪೈಥಾನ್ ಕ್ಲಾಸ್ ಮುಗಿಸಿ ದೊಡ್ಡ ಕಂಪನಿಯ ಬಾಗಿಲು ತಟ್ಟೋ ಕಾಲ ಇದಲ್ಲ. ಮೊದಲ ಮೆಟ್ಟಿಲಿನ ಕೆಲಸಗಳೇ ಕಡಿಮೆಯಾಗಿವೆ, ಸಣ್ಣಪುಟ್ಟ ಕೋಡ್ ಎಐ ಬರೆದುಕೊಡುತ್ತೆ. ಆ ದಾರಿಗೆ ಹೋಗೋದಾದರೆ ಡೇಟಾ ಸ್ಟ್ರಕ್ಚರ್ಸ್ ತನಕ ಬಿಡದೆ ಹೋಗಿ, ಆಮೇಲೆ ಮಾಸ್ಟರ್ಸ್. ಅರ್ಧಕ್ಕೆ ನಿಂತರೆ ಏನೂ ಕೈಗೆ ಹತ್ತಲ್ಲ.

ಊರಿಂದ ತಂಗಿಯನ್ನ ಎಫ್-1ನಲ್ಲಿ ಇಲ್ಲಿಗೇ ಸೇರಿಸಬಹುದಾ ಅಂತಲೂ ಒಂದು ಸಾಲು ಬರೆದಿದೀರಿ. ಆಗುತ್ತೆ, ಆದರೆ ಟರ್ಮ್‌ಗೆ 12 ಯೂನಿಟ್ ಓದಲೇಬೇಕು, ಹೊರಗಿನವರ ಫೀ. ಓದು ಮುಗಿದ ಮೇಲೆ ಕೆಲಸ ಮಾಡಕ್ಕೆ ಸಿಗೋ ಓಪಿಟಿ 12 ತಿಂಗಳು ಮಾತ್ರ. ಇನ್ನೂ 24 ತಿಂಗಳು ಸಿಗೋ ವಿಸ್ತರಣೆ ಬ್ಯಾಚುಲರ್ಸ್ ಮೇಲ್ಪಟ್ಟವರಿಗೆ, ಅಸೋಸಿಯೇಟ್ ಡಿಗ್ರಿಗೆ ಇಲ್ಲ. ಅವಳು ಅಲ್ಲೇ ಬಿಇ ಮುಗಿಸಿ ಬರಲಿ.

ಮಗು ಇದೆ, ಆನ್‌ಲೈನ್ ಸಾಕಾ ಅಂತೀರಾ. ಪ್ರೋಗ್ರಾಮಿಂಗ್ ಆನ್‌ಲೈನ್ ಆಗುತ್ತೆ. ಹಾರ್ಡ್‌ವೇರ್, ನೆಟ್‌ವರ್ಕಿಂಗ್ ಮಾತ್ರ ಎದುರಿಗೆ ಕೂತೇ ಕಲೀರಿ. ನಾನು ಮಂಗಳವಾರ, ಗುರುವಾರ ಸಂಜೆ ಆರಕ್ಕೆ ಹೊರಡ್ತಿದ್ದೆ, ಇವರು ಐದೂಮುಕ್ಕಾಲಿಗೆ ಬಂದು ಮಗನನ್ನ ಎತ್ತಿಕೊಳ್ತಿದ್ದರು, ಬಾಗಿಲಲ್ಲೇ ಕೈ ಬದಲಾಗ್ತಿತ್ತು. ಮೊಸರನ್ನದ ಡಬ್ಬಿ ಕಾರಲ್ಲೇ ಖಾಲಿ. ಡಿ ಆನ್ಜಾದ ಕ್ವಾರ್ಟರ್ ಪದ್ಧತಿ ಓಟ ಜಾಸ್ತಿ, ಒಂದು ಕ್ವಾರ್ಟರ್ 12 ವಾರದೊಳಗೆ ಮುಗಿಯುತ್ತೆ, ಮೂರನೇ ನಾಲ್ಕನೇ ವಾರಕ್ಕೇ ಮೊದಲ ಪರೀಕ್ಷೆ ಎದುರಿಗೆ ಬಂದಿರುತ್ತೆ. ಪರೀಕ್ಷೆ ಹಿಂದಿನ ದಿನ ಗೈಡ್ ಓದಿ ಪಾಸಾಗೋ ನಮ್ಮ ಹಳೇ ವಿದ್ಯೆ ಇಲ್ಲಿ ನಡೆಯಲ್ಲ, ವಾರವಾರದ ಹೋಮ್‌ವರ್ಕ್‌ಗೂ ಅಂಕ ಇರುತ್ತೆ. ಮೊದಲ ಟರ್ಮ್‌ಗೆ ಒಂದೇ ಕ್ಲಾಸ್ ತಗೊಳ್ಳಿ. ಆಗಲ್ಲ ಅನಿಸಿದರೆ ಮೊದಲ ಎರಡು ವಾರದೊಳಗೆ ಬಿಟ್ಟುಬಿಡಿ, ಆಮೇಲೆ ಬಿಟ್ಟರೆ ಅಂಕಪಟ್ಟಿಯಲ್ಲಿ ಡಬ್ಲ್ಯು (ಮಧ್ಯದಲ್ಲಿ ಬಿಟ್ಟರು ಅನ್ನೋ ಗುರುತು) ಅಂತ ಉಳಿಯುತ್ತೆ. ಸೀಟು ತುಂಬಿದೆ ಅಂತ ತೋರಿಸಿದರೂ ವೇಟ್‌ಲಿಸ್ಟ್‌ಗೆ ಹೆಸರು ಹಾಕಿ ಮೊದಲ ದಿನ ಹೋಗಿ ಕೂತುಬಿಡಿ. ಬಾರದವರ ಜಾಗಕ್ಕೆ ಮೇಷ್ಟ್ರು ಆ್ಯಡ್ ಕೋಡ್ ಅಂತ ಒಂದು ಸಂಖ್ಯೆ ಕೊಡ್ತಾರೆ, ಅದನ್ನ ಹಾಕಿ ಸೇರಿಕೊಳ್ಳಬಹುದು.

ಇನ್ನು ಮುಜುಗರದ ಮಾತು. ನನ್ನ ನೆಟ್‌ವರ್ಕಿಂಗ್ ಕ್ಲಾಸಿನಲ್ಲಿ ಹೈಸ್ಕೂಲ್ ಓದ್ತಾನೇ ಇಲ್ಲಿಗೂ ಬರ್ತಿದ್ದ ಹದಿನೇಳರ ಹುಡುಗ ಇದ್ದ, ಪಾರ್ಸೆಲ್ ವ್ಯಾನ್ ಓಡಿಸಿ ಯೂನಿಫಾರ್ಮ್‌ನಲ್ಲೇ ಬರೋರು ಇದ್ದರು, ಮೊಮ್ಮಕ್ಕಳ ಕಂಪ್ಯೂಟರ್ ತಾನೇ ಸರಿ ಮಾಡಬೇಕು ಅಂತ ಬಂದಿದ್ದ ಎಪ್ಪತ್ತರ ತಾತ ಇದ್ದರು. 32 ಅಲ್ಲಿ ನಡುವಯಸ್ಸೂ ಅಲ್ಲ. ಮೊದಲ ದಿನ ನಾನು ಭಯಕ್ಕೆ ಅರ್ಧ ಗಂಟೆ ಮುಂಚೆ ಹೋಗಿ, ಇಸ್ತ್ರಿ ಮಾಡಿದ ಕುರ್ತಾ ಹಾಕಿಕೊಂಡು, ಮುಂದಿನ ಬೆಂಚಿನಲ್ಲಿ ಫೈಲ್ ಇಟ್ಟುಕೊಂಡು ಕೂತಿದ್ದೆ. ಒಬ್ಬೊಬ್ಬರೇ ಬಂದು ಹಿಂದಿನ ಸಾಲಿನಲ್ಲಿ ಕೂರ್ತಿದ್ದರು, ಯಾರೂ ಮಾತಾಡಿಸ್ತಿರಲಿಲ್ಲ. ಆಮೇಲೆ ಒಬ್ಬ ಹುಡುಗ ಬ್ಯಾಗ್ ಕೆಳಗಿಟ್ಟು, ಕೈಕಟ್ಟಿಕೊಂಡು ನನ್ನ ಮುಂದೆ ನಿಂತು, "ಪ್ರೊಫೆಸರ್, ನನಗೊಂದು ಆ್ಯಡ್ ಕೋಡ್ ಸಿಗುತ್ತಾ?" ಅಂದ. ನಾನೂ ಅದಕ್ಕೇ ಕಾಯ್ತಿದೀನಿ, ಪಕ್ಕದಲ್ಲಿ ಜಾಗ ಇದೆ ಕೂತ್ಕೊ ಅಂದೆ.